ಏಳು ಮನೆಯ ಬೀಗದ ಕೈ

ದುರುಗಮ್ಮನ ಹೆಸರಿಗೆ ಸರ್ಕಾರದ ಒಂದು ಕೋಣೆಯ ಮನೆ ಮಂಜೂರಾಗಿತ್ತು. ತಿಂಗಳೊಳಗೆ ಹಣ ಕಟ್ಟದಿದ್ದರೆ ಅದು ಬೇರೆಯವರ ಪಾಲು. ಏಳು ಮನೆಯ ಪಾತ್ರೆ ತೊಳೆದು ಬಾಡಿಗೆ ಕಟ್ಟುವವಳಿಗೆ ಉಳಿತಾಯ ಎಲ್ಲಿಂದ ಬರಬೇಕು? ಸಾಲ ಕೇಳಲು ಬ್ಯಾಂಕಿಗೆ ಹೋದಳು. ಆ ಏಳರಲ್ಲಿ ಒಂದು ಬ್ಯಾಂಕ್ ಮ್ಯಾನೇಜರನದೇ ಮನೆ.

ಮ್ಯಾನೇಜರ್ ಕುರ್ಚಿಗೆ ಒರಗಿಕೊಂಡೇ ಹೇಳಿದ, "ಉಳಿತಾಯ ಇಲ್ಲ, ಜಾಮೀನಿಲ್ಲ. ನಿನ್ನಂಥವರನ್ನ ನಂಬೋದು ಹೇಗಮ್ಮ?"

ದುರುಗಮ್ಮ ಸೊಂಟದ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟಳು.

"ಏಳು ಮನೆಯ ಬೀಗದ ಕೈ, ಸಾರ್. ಹಸಿರು ದಾರ ಕಟ್ಟಿರೋದು ನಿಮ್ಮದು. ಒಂಬತ್ತು ವರ್ಷದಿಂದ ನೀವು ಊರಿಗೆ ಹೋದಾಗೆಲ್ಲ ಬೀರು ಸಮೇತ ಮನೆ ನನ್ನ ಕೈಲೇ ಇರುತ್ತೆ. ಈಗ ನನ್ನ ಮೇಲೆ ನಂಬಿಕೆ ಇಲ್ಲ ಅಂತ ಒಂದು ಚೀಟಿ ಬರೆದುಕೊಡಿ. ಅಮ್ಮಾವ್ರಿಗೆ ಅದನ್ನ ತೋರಿಸಿ, ಬೀಗದ ಕೈ ಕೊಟ್ಟು, ಇವತ್ತೇ ಕೆಲಸ ಬಿಡ್ತೀನಿ."

ಮ್ಯಾನೇಜರನ ಕಣ್ಣ ಮುಂದೆ ಸಿಂಕಿನ ತುಂಬ ಎಂಜಲು ಪಾತ್ರೆ, ಅದರ ಪಕ್ಕದಲ್ಲಿ ಹೆಂಡತಿಯ ಮುಖ ಬಂದು ನಿಂತವು.

"ಕೂತ್ಕೊಳ್ಳಮ್ಮ," ಎಂದು ಅರ್ಜಿ ಎಳೆದುಕೊಂಡ. ಒಂಬತ್ತು ವರ್ಷದಲ್ಲಿ ಅವನು ಅವಳಿಗೆ ಕುರ್ಚಿ ತೋರಿಸಿದ್ದು ಅದೇ ಮೊದಲು.

ಈಗ ಗೊಂಚಲಲ್ಲಿ ಎಂಟು ಬೀಗದ ಕೈ. ಎಂಟನೆಯದಕ್ಕೆ ಅವಳು ದಾರ ಕಟ್ಟಿಲ್ಲ. ಸ್ವಂತ ಮನೆಯದಕ್ಕೆ ಗುರುತು ಯಾಕೆ?