ಗೆಜ್ಜೆ ಬಿಚ್ಚಿದ ದಿನ

ಆ ಆಶ್ರಮದಲ್ಲಿ ದಿನಕ್ಕೆ ಮೂರು ಸಲ ಗಂಟೆ ಮೊಳಗುತ್ತಿತ್ತು. ಏಳುವುದಕ್ಕೊಂದು, ಜಪಕ್ಕೊಂದು, ಊಟಕ್ಕೊಂದು.

ಅಲ್ಲಿದ್ದವರು ಇಬ್ಬರೇ. ವೃದ್ಧರಾದ ಗುರುಗಳು, ಅವರ ಶಿಷ್ಯ ಸೋಮದೇವ. ಏಳು ವರ್ಷಗಳಲ್ಲಿ ಸೋಮದೇವ ಒಮ್ಮೆಯೂ ಗಂಟೆಗೆ ತಪ್ಪಿದವನಲ್ಲ.

ನದಿಯಾಚೆಯ ಬೆಟ್ಟದಲ್ಲಿ ಒಂದು ಗುಹೆ ಇತ್ತು. ಅಲ್ಲಿ ಒಂಟಿಯಾಗಿ ಕುಳಿತು ಸಾಧನೆ ಮಾಡಬೇಕೆಂಬುದು ಅವನ ಒಂದೇ ಆಸೆ. ಪ್ರತಿ ವರ್ಷ ಅಪ್ಪಣೆ ಬೇಡುತ್ತಿದ್ದ. ಇನ್ನೂ ಕಾಲ ಬಂದಿಲ್ಲ ಎಂದು ಗುರುಗಳು ಪ್ರತಿ ವರ್ಷವೂ ಹೇಳುತ್ತಿದ್ದರು. ಕಾರಣ ಹೇಳುತ್ತಿರಲಿಲ್ಲ.

ಏಳನೆಯ ಸಲ ಅವನು ಕೈಮುಗಿದು ನಿಂತಿದ್ದಾಗಲೇ ಬೀರವ್ವ ಬಂದಳು. ಆಶ್ರಮಕ್ಕೆ ಮುತ್ತುಗದ ಎಲೆ ತಂದುಕೊಡುವ ಹೆಂಗಸು ಅವಳು. ಗಂಡ ಕುರಿಗಳ ಹಿಂದೆ ದೂರದ ಸೀಮೆಗೆ ಹೋಗಿದ್ದ. ಅಕ್ಕನ ಮನೆಯಲ್ಲಿ ಎಲ್ಲರಿಗೂ ಸೀತಾಳೆ ಸಿಡುಬು ಎದ್ದಿದೆ, ಬಾಯಿಗೆ ನೀರು ಬಿಡುವವರಿಲ್ಲ ಎಂದಳು. ಅವಳ ಸೊಂಟದ ಮೇಲೆ ಒಂದೂವರೆ ವರ್ಷದ ಮಗಳು ಹೊನ್ನಿ ಇದ್ದಳು. ಆ ಮನೆಗೆ ಮಗುವನ್ನು ಒಯ್ಯುವಂತಿರಲಿಲ್ಲ.

ಗುರುಗಳು ಸೋಮದೇವನ ಕಡೆ ತಿರುಗಿದರು.

"ಬೀರವ್ವ ಮರಳುವವರೆಗೆ ಈ ಮಗು ನಿನ್ನ ಹೊಣೆ. ತಾಯಿಗೆ ಒಪ್ಪಿಸು. ಆಮೇಲೆ ಗುಹೆಯ ಮಾತು."

ಬೀರವ್ವ ಹೇಳಬೇಕಾದದ್ದನ್ನು ಬೇಗ ಬೇಗ ಹೇಳಿದಳು. ಹಾಲು ಉಗುರುಬೆಚ್ಚಗಿರಬೇಕು. ಹುಣಸೆಬೀಜ ಕೈಗೆ ಸಿಗಬಾರದು, ಮೂಗಿಗೆ ಹಾಕಿಕೊಳ್ಳುತ್ತಾಳೆ. ಮಾತು ನಾಲ್ಕೇ ಬರುತ್ತವೆ: ಅವ್ವ, ಹಾಲು, ಅಲ್ಲಿ, ಒಲ್ಲೆ. ಇವುಗಳಲ್ಲಿ ಒಲ್ಲೆ ಎಂಬುದನ್ನು ನಂಬಬೇಡಿ. ಇಷ್ಟು ಹೇಳಿ, ತಿರುಗಿ ನೋಡದೆ ಹೋದಳು. ನೋಡಿದ್ದರೆ ಮಗು ಅಳುತ್ತಿತ್ತು, ಅವಳೂ.

ಸೋಮದೇವ ಮೊದಲ ದಿನವೇ ಆಶ್ರಮವನ್ನು ಸುತ್ತಿ ಅಪಾಯಗಳನ್ನು ಗುರುತಿಸಿದ. ಬಾವಿ, ಒಲೆ, ಒರಳು, ಹಸುವಿನ ಹಿಂಗಾಲು, ನದಿಯ ಮೆಟ್ಟಿಲು. ಬಾವಿಗೆ ಬಿದಿರಿನ ತಟ್ಟಿ ಮುಚ್ಚಿದ. ನದಿಯ ಕಡೆಯ ಬಾಗಿಲಿಗೆ ಹಗ್ಗ ಬಿಗಿದು ಮೂರು ಗಂಟು ಹಾಕಿದ. ಇದಕ್ಕಿಂತ ಹೆಚ್ಚಿನದನ್ನು ಯಾರೂ ಮಾಡಲಾರರು ಎಂದುಕೊಂಡ.

ಮಗು ಗುರುತಿಸಿದ್ದೇ ಬೇರೆ. ವಿಭೂತಿಯನ್ನು ಹಸುವಿನ ಮೂತಿಗೆ ಬಳಿಯಿತು. ರುದ್ರಾಕ್ಷಿ ಸರವನ್ನು ಕಲಗಚ್ಚಿನ ತೊಟ್ಟಿಗೆ ಹಾಕಿ, ಅದು ಮುಳುಗುವುದನ್ನು ಬಗ್ಗಿ ನೋಡಿತು. ಧ್ಯಾನಕ್ಕೆ ಕುಳಿತ ಸೋಮದೇವನ ಹೆಗಲೇರಿ ಅವನ ಎರಡೂ ಕಣ್ಣುರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿತು. ಒಂದು ತುತ್ತು ಅನ್ನ ತಿನ್ನಲು ಅಂಗಳವನ್ನು ನಾಲ್ಕು ಸುತ್ತು ಓಡಿತು, ಓಡಿಸಿತು.

ಸೋಮದೇವನಿಗೆ ನಿದ್ದೆ ಕೆಟ್ಟಿತು. ಮಗು ಕೆಮ್ಮಿದರೆ ಎದ್ದು ಕೂರುತ್ತಿದ್ದ. ಎಡವಿದರೆ ಓಡುತ್ತಿದ್ದ. ತಾಯಿ ಬಂದು ಕೇಳಿದರೆ ಏನು ಹೇಳಲಿ ಎಂಬ ಪ್ರಶ್ನೆ ಹಗಲೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಇವೆಲ್ಲದರ ಮೇಲೆ ಗೆಜ್ಜೆ. ಮಗುವಿನ ಎರಡೂ ಕಾಲಿಗೆ ತಾಯಿ ಹಿತ್ತಾಳೆಯ ಗೆಜ್ಜೆ ಕಟ್ಟಿದ್ದಳು. ಅದು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ.

ನಾಲ್ಕನೆಯ ಸಂಜೆ ಅವನು ಗುರುಗಳ ಮುಂದೆ ನಿಂತ.

"ಗುರುಗಳೇ, ನಾಲ್ಕು ದಿನದಿಂದ ಜಪ ಕೂಡಿಬಂದಿಲ್ಲ."

"ಏಕೆ?"

"ಗೆಜ್ಜೆ. ನೂರೆಂಟು ಮುಟ್ಟುವ ಮೊದಲೇ ಎಣಿಕೆ ತಪ್ಪುತ್ತದೆ. ಜಪದ ಹೊತ್ತಿಗೆ ಮಾತ್ರ ಬಿಚ್ಚಿಡಲೇ?"

ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು. "ಬಿಚ್ಚಿಟ್ಟರೆ ನಿನಗೇನು ಸಿಗುತ್ತದೆ?"

"ನಿಶ್ಶಬ್ದ."

"ಸಿಕ್ಕಿದ ಮೇಲೆ?"

"ಮತ್ತೇನು ಬೇಕು, ಗುರುಗಳೇ?"

ಗುರುಗಳು ಮರುಮಾತಾಡಲಿಲ್ಲ. ಸೋಮದೇವ ಅದನ್ನು ಒಪ್ಪಿಗೆಯೆಂದು ಎಣಿಸಿದ.

ಮರುದಿನ ಜಪದ ಗಂಟೆಯಾಯಿತು. ಅವನು ಮಗುವನ್ನು ಚಾಪೆಯ ಮೇಲೆ ಎದುರಿಗೆ ಕೂರಿಸಿ, ಗೆಜ್ಜೆಗೆ ಕೈಹಾಕಿದ.

"ಒಲ್ಲೆ," ಎಂದಿತು ಮಗು.

ನಂಬಬೇಡಿ ಎಂದು ತಾಯಿಯೇ ಹೇಳಿದ್ದಳು. ಅವನು ಗೆಜ್ಜೆ ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟ. ಮಗುವಿನ ಕೈಗೆ ಒಂದು ತುಂಡು ಬೆಲ್ಲ ಕೊಟ್ಟು ಕಣ್ಣು ಮುಚ್ಚಿದ.

ಜಪ ಕೂಡಿಬಂತು. ನೂರೆಂಟು ಮಣಿ ಒಂದು ಸುತ್ತು ಮುಗಿಯಿತು. ಎರಡು ಮುಗಿಯಿತು. ಇಷ್ಟು ಶುದ್ಧವಾದ ಜಪ ತಿಂಗಳುಗಳಿಂದ ಆಗಿರಲಿಲ್ಲ.

ಮೂರನೆಯ ಸುತ್ತಿನ ನಡುವೆ ಮಣಿ ಬೆರಳಲ್ಲೇ ನಿಂತಿತು. ನಿಶ್ಶಬ್ದ ಅತಿಯಾಗಿತ್ತು.

ಕಣ್ಣು ತೆರೆದ. ಚಾಪೆ ಬರಿದಾಗಿತ್ತು. ಬೆಲ್ಲದ ತುಂಡಿಗೆ ಆಗಲೇ ಇರುವೆಗಳು ಸಾಲುಹಿಡಿದಿದ್ದವು.

ಅವನು ಹೆಸರು ಹಿಡಿದು ಕರೆದ. ಉತ್ತರವಿಲ್ಲ. ಅಡುಗೆಮನೆಯಲ್ಲಿ ಇರಲಿಲ್ಲ. ಕೊಟ್ಟಿಗೆಯಲ್ಲಿ ಇರಲಿಲ್ಲ. ಕಾಳಿನ ಮಡಕೆಗಳ ಹಿಂದೆ, ಗುರುಗಳ ಮಣೆಯ ಕೆಳಗೆ, ಎಲೆಗಳ ಕಟ್ಟುಗಳ ನಡುವೆ, ಎಲ್ಲಿಯೂ ಇರಲಿಲ್ಲ. ಗೆಜ್ಜೆಯಿದ್ದಿದ್ದರೆ ಒಂದು ಹೆಜ್ಜೆಗೇ ತಿಳಿಯುತ್ತಿತ್ತು. ಅದು ಗೂಡಿನಲ್ಲಿತ್ತು.

ಹೂಗಿಡಗಳ ಬಳಿ ಗುರುಗಳು ಕಳೆ ಕೀಳುತ್ತಿದ್ದರು. ಸೋಮದೇವ ಅಲ್ಲಿಗೆ ಓಡಿಬಂದ. ಅವನ ಮುಖ ನೋಡಿಯೇ ಅವರು ಎದ್ದರು. ಉಪದೇಶವಿಲ್ಲ, ಪ್ರಶ್ನೆಯಿಲ್ಲ.

"ನಾನು ಬಾವಿಗೆ. ನೀನು ನದಿಗೆ."

ಗುರುಗಳು ಓಡಿದ್ದನ್ನು ಸೋಮದೇವ ಅಂದೇ ಮೊದಲು ಕಂಡದ್ದು.

ನದಿಯ ಬಾಗಿಲಿನ ಮೂರು ಗಂಟು ಹಾಗೆಯೇ ಇದ್ದವು. ಆದರೆ ಪಕ್ಕದ ಬೇಲಿಯ ಬುಡದಲ್ಲಿ ನಾಯಿ ನುಸುಳುವ ಕಂಡಿಯಿತ್ತು. ನಿಂತವನ ಕಣ್ಣಿಗೆ ಅದು ಕಾಣುವಂತಿರಲಿಲ್ಲ. ಕಂಡಿಯ ಮುಳ್ಳಿಗೆ ಮಗುವಿನ ಅಂಗಿಯ ಒಂದು ಎಳೆ ಸಿಕ್ಕಿಕೊಂಡಿತ್ತು.

ಬೇಲಿ ಹಾರಿದ.

ಮೆಟ್ಟಿಲುಗಳು ಹನ್ನೆರಡು. ಒಂಬತ್ತು ಒಣಗಿದ್ದವು, ಮೂರು ನೀರಿನೊಳಗೆ. ಮಗು ಹತ್ತನೆಯ ಮೆಟ್ಟಿಲಿನ ಮೇಲೆ ಸೊಂಟದವರೆಗಿನ ನೀರಿನಲ್ಲಿ ಕುಳಿತಿತ್ತು. ಇನ್ನೊಂದು ಮೆಟ್ಟಿಲು ಇಳಿದರೆ ತಲೆ ಮುಳುಗುತ್ತಿತ್ತು. ಅದರಾಚೆ ಸೆಳವು.

ಕೂಗಲು ಬಾಯಿ ತೆರೆದ. ಮುಚ್ಚಿದ. ಕೂಗಿದರೆ ಮಗು ಬೆಚ್ಚಿ ತಿರುಗುತ್ತದೆ. ಕಲ್ಲಿನ ಮೇಲೆ ಪಾಚಿಯಿದೆ.

ಒಂದೊಂದೇ ಮೆಟ್ಟಿಲು ಇಳಿದ.  ಆ ಹೊತ್ತಿನಲ್ಲಿ ಮಂತ್ರವಿರಲಿಲ್ಲ, ಗುಹೆಯಿರಲಿಲ್ಲ, ತಾಯಿಗೆ ಏನು ಹೇಳಲಿ ಎಂಬ ಪ್ರಶ್ನೆಯೂ ಇರಲಿಲ್ಲ. ಒಂದು ನೆತ್ತಿ, ಅದರ ಮೇಲೆ ನೆನೆಯದ ಒಂದು ಪುಟ್ಟ ಜುಟ್ಟು. ಇಷ್ಟೇ ಇತ್ತು.

ನೀರಿಗಿಳಿದು ಸೊಂಟವನ್ನು ಬಿಗಿಯಾಗಿ ಹಿಡಿದ.

ಮಗು ಬೆಚ್ಚಲಿಲ್ಲ. ಯಾರು ಹಿಡಿದರೆಂದು ನೋಡಲೂ ಇಲ್ಲ. ಒದ್ದೆ ಬೆರಳನ್ನು ನೀರಿನತ್ತ ಚಾಚಿತು.

"ಅಲ್ಲಿ."

ಅದರ ಕಾಲ್ಬೆರಳುಗಳ ಸುತ್ತ ಸಣ್ಣ ಮೀನುಗಳು ಮುತ್ತಿದ್ದವು. ಬೆರಳು ಕಚ್ಚುತ್ತಿದ್ದವು, ಹಿಂದೆ ಸರಿಯುತ್ತಿದ್ದವು, ಮತ್ತೆ ಬರುತ್ತಿದ್ದವು. ಸೋಮದೇವನೂ ಅಲ್ಲಿಯೇ ಕುಳಿತ. ಮಗುವಿನ ಸೊಂಟದಿಂದ ಕೈ ತೆಗೆಯಲಿಲ್ಲ. ಮೀನುಗಳು ಅವನ ಕಾಲಿಗೂ ಬಂದವು. ಅದನ್ನು ಕಂಡು ಮಗು ಎರಡೂ ಅಂಗೈಯಿಂದ ನೀರನ್ನು ಬಡಿದು ಗಹಗಹಿಸಿ ನಕ್ಕಿತು. ಅವನೂ ನಕ್ಕ. ಮುಖ ಒದ್ದೆಯಾದದ್ದು ಯಾವ ನೀರಿನಿಂದ ಎಂದು ಅವನಿಗೆ ತಿಳಿಯಲಿಲ್ಲ.

ಮೇಲಿನ ಮೆಟ್ಟಿಲಿನಲ್ಲಿ ಗುರುಗಳು ಮೊಣಕಾಲಿಗೆ ಕೈಯೂರಿ ಏದುತ್ತ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಇಳಿದು ಬಂದು ಒಣಗಿದ ಕಲ್ಲಿನ ಮೇಲೆ ಕುಳಿತರು. ಅಂದು ಊಟದ ಗಂಟೆ ಮೊಳಗಲಿಲ್ಲ.

ಮಧ್ಯಾಹ್ನ ಮಗು ನಿದ್ದೆ ಹೋದ ಮೇಲೆ ಸೋಮದೇವ ಗುರುಗಳ ಪಾದ ಹಿಡಿದ.

"ಶಿಕ್ಷೆ ಕೊಡಿ."

"ಅರ್ಧ ತಪ್ಪು ನನ್ನದು. ನೀನು ಕೇಳಿದಾಗ ಬೇಡವೆನ್ನಬಹುದಾಗಿತ್ತು, ಅನ್ನಲಿಲ್ಲ. ನೀನೇ ಕಂಡುಕೊಳ್ಳಲಿ ಎಂದು ಬಿಟ್ಟೆ. ಮಗುವನ್ನು ಪಣಕ್ಕಿಟ್ಟು ಕಲಿಸುವ ಪಾಠ ಯಾವುದೂ ಇಲ್ಲ. ತಾಯಿ ಬಂದಾಗ ಇಬ್ಬರೂ ಎದುರು ನಿಲ್ಲೋಣ."

ಸೋಮದೇವ ಕಂಡಿಯನ್ನು ಮುಚ್ಚಿದ. ಗೆಜ್ಜೆಯನ್ನು ತಾನೇ ಕಟ್ಟಿದ. ಅಂದಿನಿಂದ ಗೆಜ್ಜೆ ಸದ್ದು ಮಾಡುವಷ್ಟು ಹೊತ್ತು ಜಪ ಮಾಡಿದ. ಸದ್ದು ನಿಂತರೆ ಎದ್ದು ನೋಡಿದ. ಕೆಲವು ಸಲ ಹುಣಸೆಬೀಜ ಸಿಕ್ಕಿರುತ್ತಿತ್ತು. ಕೆಲವು ಸಲ ನಿದ್ದೆ ಬಂದಿರುತ್ತಿತ್ತು.

ಹನ್ನೊಂದನೆಯ ದಿನ ಬೀರವ್ವ ಬಂದಳು. ಅಕ್ಕ ಬದುಕಿ ಉಳಿದಿದ್ದಳು. ಮಗು ಅವ್ವ ಎಂದು ಓಡಿತು. ಸೋಮದೇವ ಅವಳಿಗೆ ಕುಳಿತುಕೊಳ್ಳಲೂ ಬಿಡಲಿಲ್ಲ. ಗೆಜ್ಜೆ ಬಿಚ್ಚಿದ್ದು, ಬೇಲಿಯ ಕಂಡಿ, ಹತ್ತನೆಯ ಮೆಟ್ಟಿಲು, ಎಲ್ಲವನ್ನೂ ಹೇಳಿದ. ಏನನ್ನೂ ಬಿಡಲಿಲ್ಲ, ಏನನ್ನೂ ತಗ್ಗಿಸಲಿಲ್ಲ.

ಬೀರವ್ವ ಮಗುವನ್ನು ಹತ್ತಿರಕ್ಕೆಳೆದುಕೊಂಡಳು. ಮಗುವಿನ ತಲೆಯಿಂದ ಅಂಗಾಲಿನವರೆಗೆ ಕೈಯಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ಆಮೇಲೆ ಅಲ್ಲಿಯೇ ನೆಲದ ಮೇಲೆ ಕುಳಿತಳು.

"ಅಕಿ ಗದ್ಲಾ ಹಾಕಿದ್ರ ನಾ ಎಂದೂ ಹೆದರಂಗಿಲ್ರಿ, ಮರಿಸ್ವಾಮ್ಯಾರ. ಸುಮ್ಮನಾದ್ರ ಎದಿ ಒಡೀತದ. ಅದಕ್ಕ ಗೆಜ್ಜಿ ಕಟ್ಟೇನಿ. ಚೆಂದ ಕಾಣ್ಲಿ ಅಂತಲ್ಲ."

 ಅವಳು ಗುರುಗಳತ್ತ ತಿರುಗಿದಳು.

"ಅಷ್ಟಷ್ಟು ದೊಡ್ಡ ಪುಸ್ತಕ ಓದಸ್ತೀರಿ ಅಜ್ಜಾರ. ಇದೊಂದು ಹೇಳಿಕೊಡಲಿಲ್ಲೇನ್ರಿ?"

"ಇಲ್ಲವಮ್ಮ. ಹೇಳಬೇಕಾಗಿತ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಮಗುವನ್ನು ಸೊಂಟಕ್ಕೇರಿಸಿಕೊಂಡಾಗ ಅದು ಸೋಮದೇವನ ಕಡೆ ಕೈಚಾಚಿ, ಒಲ್ಲೆ, ಒಲ್ಲೆ ಎಂದು ಅತ್ತಿತು. ನಂಬಬ್ಯಾಡ್ರಿ ಎಂದು ಬೀರವ್ವ ನಕ್ಕಳು. ಆದರೆ ಹೊರಟವಳು ಎರಡು ಗಳಿಗೆ ನಿಂತು, ಅವನು ಮಗುವಿನ ತಲೆ ಮುಟ್ಟಲು ಬಿಟ್ಟಳು.

ಆಶ್ರಮ ಮೊದಲಿನಂತಾಯಿತು. ಗಂಟೆ ಮೂರು ಸಲ ಮೊಳಗಿತು.

ಮೂರನೆಯ ದಿನ ಗುರುಗಳು ಸೋಮದೇವನನ್ನು ಕರೆದು, ಮಗುವನ್ನು ಒಪ್ಪಿಸಿದ್ದಾಯಿತು, ನಾಳೆ ಗುಹೆಗೆ ಹೊರಡು ಎಂದರು.

ಸೋಮದೇವ ಕದಲಲಿಲ್ಲ.

"ನಾನು ಯೋಗ್ಯನಲ್ಲ, ಗುರುಗಳೇ. ಮಗು ಹೋಗಿ ಮೂರು ದಿನವಾಯಿತು. ನನ್ನ ಕಿವಿ ಇನ್ನೂ ಬೇಲಿಯ ಹತ್ತಿರವೇ ನಿಂತಿದೆ. ಎಲೆ ಬಿದ್ದರೆ ಕೇಳುತ್ತದೆ. ಹಸು ಉಸಿರು ಬದಲಿಸಿದರೆ ಕೇಳುತ್ತದೆ. ಏನೂ ಕೇಳದಿದ್ದರೆ ಇನ್ನಷ್ಟು ನಿಮಿರುತ್ತದೆ. ಇಂಥ ಕಿವಿ ಹೊತ್ತುಕೊಂಡು ಗುಹೆಯಲ್ಲಿ ಹೇಗೆ ಕೂರಲಿ?"

ಗುರುಗಳು ಹೊಸೆದಿಟ್ಟಿದ್ದ ದೀಪದ ಬತ್ತಿಗಳನ್ನು ಅವನ ಕೈಗಿಟ್ಟರು.

"ಏಳು ವರ್ಷ ನಿನ್ನನ್ನು ತಡೆದದ್ದು ಆ ಕಿವಿ ಇಲ್ಲವೆಂದೇ. ಹೊರಡು."