ಕಂಚುಗಾರನ ಪತ್ರ

"ಗುರುಗಳೇ, ನಾಕು ತಿಂಗಳಾತು. ಇಲ್ಲ ಅಂತನಾದ್ರೂ ಒಂದು ಮಾತು ಬರೀಬಾರದೇನ್ರೀ ಅವರು?" ಎಂದು ದಾನಮ್ಮ ಕೇಳಿದಳು.

ದಾನಮ್ಮ ಆರು ವರ್ಷಗಳಿಂದ ಗುರುಪಾದಯ್ಯನವರ ಬಳಿ ಹಳೆಯ ಶಾಸನಗಳನ್ನು ಓದಲು ಕಲಿಯುತ್ತಿದ್ದಳು. ಮುಂದಿನ ಓದಿಗೆಂದು ಹೊರದೇಶದ ವಿಶ್ವವಿದ್ಯಾಲಯವೊಂದರ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದ್ದಳು. ಅರ್ಜಿಯ ಜೊತೆಗೆ ಕಲಿಸಿದ ಗುರುವಿನ ಪತ್ರವೂ ಬೇಕಿತ್ತು. ಗುರುಪಾದಯ್ಯನವರು ಅದನ್ನು ಬರೆದು, ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟಿದ್ದರು. ಅಂಚೆಗೆ ಹಾಕಿದವಳು ದಾನಮ್ಮನೇ. ಅಂದಿನಿಂದ ಅವಳಿಗೆ ಊಟ ನಿದ್ದೆ ನೆಟ್ಟಗಿಲ್ಲ. ಹೈಸ್ಕೂಲಿನಲ್ಲಿ ಸಿಕ್ಕಿದ್ದ ಕೆಲಸವನ್ನೂ ಇವತ್ತು ನಾಳೆ ಎನ್ನುತ್ತಾ ಕಳೆದುಕೊಂಡಿದ್ದಳು.

"ನನ್ನ ಓದಿನಾಗೇ ಏನೋ ಕೊರತಿ ಇರಬೇಕು. ಇನ್ನ ಈ ಶಾಸನ ಸಾಕು ಅನಸ್ತೈತ್ರೀ. ನೀವಾದ್ರೂ ಒಂದಿನ ಚಲೋ ಓದಿದಿ ಅಂದೀರೇನು?"

ಗುರುಪಾದಯ್ಯನವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಬೇರೆ ದಿನವಾಗಿದ್ದರೆ ಗದರುತ್ತಿದ್ದರು. ಅಂದು ಗದರಲಿಲ್ಲ. "ಹೋದ ವಾರ ಪಾತ್ರೆಗೆ ಕಲಾಯಿ ಹಾಕಾಕ ಒಬ್ಬ ಮುದುಕ ಬಂದಿದ್ದ. ಅಂವ ಹೇಳಿದ ಕತಿ ಐತಿ, ಕೇಳು," ಎಂದರು.

ಒಂದೂರಿನಲ್ಲಿ ಒಬ್ಬ ಕಂಚುಗಾರನಿದ್ದ. ಗಂಟೆ ಎರೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಬಳಿ ಹತ್ತಾರು ಶಿಷ್ಯರು ಕಲಿಯುತ್ತಿದ್ದರು. ಅವರು ಎರೆದ ಪ್ರತಿಯೊಂದು ಗಂಟೆಯನ್ನೂ ಅವನು ಒಮ್ಮೆ ಬಾರಿಸಿ ನೋಡುತ್ತಿದ್ದ. ಕಸುಬು ಕೈಹತ್ತದವನ ಗಂಟೆಯಾದರೆ "ಚಲೋ ಐತಿ" ಎಂದು ಕೆಳಗಿಡುತ್ತಿದ್ದ. ಅಂಥವನಿಗೆ ಹೇಳಿ ಪ್ರಯೋಜನವಿಲ್ಲ ಎಂಬುದು ಅವನ ಎಣಿಕೆ. ಯಾರ ಕೈಯಲ್ಲಿ ವಿದ್ಯೆ ಇದೆ ಎನಿಸುತ್ತಿತ್ತೋ ಅವನಿಗೆ ಮಾತ್ರ ತಪ್ಪು ತೋರಿಸುತ್ತಿದ್ದ. ಅಂಚು ದಪ್ಪವಾಯಿತು ಎನ್ನುತ್ತಿದ್ದ, ನಾಲಿಗೆ ಭಾರವಾಯಿತು ಎನ್ನುತ್ತಿದ್ದ, ನಾದ ಬೇಗ ಸತ್ತಿತು ಎನ್ನುತ್ತಿದ್ದ. ಆ ಕುಲುಮೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಬೈಸಿಕೊಂಡವನು ಮನೆಗೆ ಹೋಗಿ ಹುಗ್ಗಿ ಮಾಡಿಸುತ್ತಿದ್ದ. ಹೊಗಳಿಸಿಕೊಂಡವನು ಗಂಟುಮೂಟೆ ಕಟ್ಟುತ್ತಿದ್ದ.

ಆ ಶಿಷ್ಯರಲ್ಲಿ ಒಬ್ಬನ ಗಂಟೆಗಳಲ್ಲಿ ಗುರುವಿಗೆ ಎಲ್ಲರಿಗಿಂತ ಹೆಚ್ಚು ತಪ್ಪುಗಳು ಕಾಣುತ್ತಿದ್ದವು. ಒಂದು ಸಲ ಒಂದೇ ಗಂಟೆಗೆ ಅರ್ಧ ದಿನ ಬೈಸಿಕೊಂಡು, ಸಂಜೆ ಹಾಡು ಹೇಳುತ್ತಾ ಮನೆಗೆ ಹೋದನಂತೆ. ಕಂಚುಗಾರನಿಗೆ ಅವನೆಂದರೆ ಪ್ರಾಣ.

ಸಮುದ್ರದಾಚೆ ಒಂದು ಪಟ್ಟಣವಿತ್ತು. ಅಲ್ಲಿ ಮನೆಯಷ್ಟು ದೊಡ್ಡ ಗಂಟೆಗಳನ್ನು ಎರೆಯುತ್ತಿದ್ದರು. ಆ ಪಟ್ಟಣದ ಹಿರಿಯರು ವರ್ಷಕ್ಕೊಬ್ಬ ಹೊರಗಿನವನನ್ನು ಕರೆಸಿ, ಮೂರು ವರ್ಷ ಅನ್ನ ಬಟ್ಟೆ ಕೊಟ್ಟು ವಿದ್ಯೆ ಕಲಿಸುತ್ತಿದ್ದರು. ಹೋಗಬೇಕೆನ್ನುವವನು ತಾನು ಎರೆದ ಒಂದು ಗಂಟೆಯನ್ನೂ ತನ್ನ ಗುರುವಿನ ಪತ್ರವನ್ನೂ ಕಳಿಸಬೇಕಿತ್ತು. ಶಿಷ್ಯ ಗಂಟೆ ಎರೆದ. ಗುರು ಪತ್ರ ಬರೆದ. ಒಂದು ಪುಟ ಬರೆಯೋಣವೆಂದು ಕೂತವನು ಪ್ರೀತಿ ಉಕ್ಕಿ ಮೂರು ಪುಟ ಬರೆದ. ಶಿಷ್ಯ ಇನ್ನೂ ತಿದ್ದಿಕೊಳ್ಳಬೇಕಾದ ಒಂಬತ್ತು ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದ. ಬೇರೆ ಯಾವ ಶಿಷ್ಯನಿಗೂ ಅವನು ಅಷ್ಟು ಬರೆಯುತ್ತಿರಲಿಲ್ಲ.

ಹಡಗು ಹೋಯಿತು. ಶಿಷ್ಯ ಕಾಯತೊಡಗಿದ. ಕರೆ ಬಂದ ದಿನವೇ ಹೊರಡಬೇಕಲ್ಲ ಎಂದು ಹೊಸ ಅಚ್ಚು ಮಾಡಲಿಲ್ಲ. ಮಾಡಿಟ್ಟಿದ್ದ ಅಚ್ಚುಗಳು ಒಣಗಿ ಬಿರಿದವು. ಹೆಣ್ಣು ಕೊಡುತ್ತೇವೆಂದು ಬಂದವರಿಗೆ ಮುಂದಿನ ತಿಂಗಳು ನೋಡೋಣ ಎಂದ. ಹಡಗು ಬಂದ ಸುದ್ದಿ ಕೇಳಿದಾಗಲೆಲ್ಲ ಬಂದರಿಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದ. ಕರೆಯದವರಿಗೆ ಬರೆದು ತಿಳಿಸುವ ಪದ್ಧತಿ ಆ ಪಟ್ಟಣದಲ್ಲಿರಲಿಲ್ಲ. ಎರಡು ಮಳೆಗಾಲ ಕಳೆದವು. ಕಡೆಗೆ ಅವನು ತನ್ನ ಗಂಟೆಯೇ ಸರಿಯಿರಲಿಲ್ಲವೆಂದು ತೀರ್ಮಾನಿಸಿದ. ಗುರುವಿನ ಕುಲುಮೆ ಬಿಟ್ಟು, ಪಕ್ಕದ ಊರಿನಲ್ಲಿ ದನದ ಕೊರಳಿಗೆ ಕಟ್ಟುವ ಸಣ್ಣ ಗಂಟೆ ಎರೆಯುತ್ತಾ ಕೂತ.

ಮೂರನೆಯ ವರ್ಷ ಆ ಪಟ್ಟಣಕ್ಕೆ ಹೋಗಿದ್ದ ಒಬ್ಬ ವ್ಯಾಪಾರಿ ಮರಳಿ ಬಂದ. ಕಂಚುಗಾರನನ್ನು ಕಂಡು, "ಎಂಥಾ ಗುರುನೋ ನೀನು? ಆ ಗಂಟಿ ನಾದ ಕೇಳಿ ಹಿರಿಯಾರು ಎದ್ದು ನಿಂತಿದ್ರು. ನಿನ್ನ ಪತ್ರ ಓದಿ ಕುಂತ್ರು. ಗುರುನೇ ಒಪ್ಪದಾಂವನ್ನ ನಾವ್ಹೆಂಗ ಒಪ್ಪೂದು ಅಂದ್ರು. ಆ ಗಂಟಿ ಈಗೂ ಅವರ ಊರ ಅಗಸಿ ಬಾಗಲದಾಗ ತೂಗಾಕತ್ತೈತಿ," ಎಂದ.

ಕಂಚುಗಾರ ಕುಸಿದು ಕೂತ. ತನ್ನ ರೀತಿ ತನ್ನ ಕುಲುಮೆಯ ಬಾಗಿಲಾಚೆ ಯಾರಿಗೂ ತಿಳಿಯದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಆ ದಿನವೇ ಪಕ್ಕದ ಊರಿಗೆ ನಡೆದ. ಇಷ್ಟು ವರ್ಷ ಬಾಯಿಬಿಟ್ಟು ಹೇಳದ ಮೆಚ್ಚುಗೆಯನ್ನು ಇವತ್ತು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡ.

ಗುರುವನ್ನು ಕಂಡು ಶಿಷ್ಯನ ಮುಖ ಅರಳಿತು. ಆಗಷ್ಟೇ ತಣಿದಿದ್ದ ಗಂಟೆಯೊಂದನ್ನು ಒರೆಸಿ ಅವನ ಕೈಗಿಟ್ಟ. ಕಂಚುಗಾರ ಅಲ್ಲಾಡಿಸಿ ನೋಡಿದ. ಅದರಲ್ಲಿ ಎರಡು ತಪ್ಪಿದ್ದವು. ಅವನು ಹೇಳಲಿಲ್ಲ.

"ಚಲೋ ಐತಿ," ಎಂದ.

ಶಿಷ್ಯ ಅವನ ಮುಖವನ್ನೇ ನೋಡಿದ. "ಇಷ್ಟನಾ, ಗುರುಗಳೇ? ಬ್ಯಾರೆ ಏನೂ ಇಲ್ಲ?"

"ಭಾಳ ಚಲೋ ಐತಿ," ಎಂದ ಕಂಚುಗಾರ. ಅವನ ಕಣ್ಣಲ್ಲಿ ನೀರಿತ್ತು. ಪತ್ರದ ಮಾತೆತ್ತಲು ಧೈರ್ಯ ಬರಲಿಲ್ಲ.

ಗುರು ಹೋದ ಮೇಲೆ ಶಿಷ್ಯ ಕುಲುಮೆಗೆ ನೀರು ಹೊಯ್ದ. ಮತ್ತೆಂದೂ ಗಂಟೆ ಎರೆಯಲಿಲ್ಲ. ಊರೂರು ಅಲೆದು ಪಾತ್ರೆಗಳಿಗೆ ಕಲಾಯಿ ಹಾಕಿ ಬದುಕಿದ. ಪತ್ರದ ಸಂಗತಿಯನ್ನು ಅದೇ ವ್ಯಾಪಾರಿಯಿಂದ ಕೇಳುವ ಹೊತ್ತಿಗೆ ಗುರು ತೀರಿಕೊಂಡಿದ್ದ, ಶಿಷ್ಯನೂ ಮುದುಕನಾಗಿದ್ದ.

ಗುರುಪಾದಯ್ಯನವರು ಕತೆ ನಿಲ್ಲಿಸಿದರು. ದಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವತ್ತ ನಿಜ ಹೇಳಿಬಿಟ್ಟಿದ್ರ ಅಂವ ಗಂಟಿ ಬಿಡತಿರಲಿಲ್ಲಲ್ರೀ," ಎಂದಳು. "ಯಾಕ ಹೇಳಲಿಲ್ಲ ಆ ಗುರು?"

ಗುರುಪಾದಯ್ಯನವರು ಪಕ್ಕಕ್ಕಿಟ್ಟಿದ್ದ ಕನ್ನಡಕ ಹಾಕಿಕೊಂಡರು. ಆಮೇಲೆ ತಲೆಯೆತ್ತಿ ಹೇಳಿದರು:

"ನಿನ್ನ ಪತ್ರದಾಗ ನಾನೂ ಹನ್ನೊಂದು ತಪ್ಪು ಬರದೀನಿ, ದಾನಮ್ಮಾ."