ಮೂಗಿನ ಮೇಲಿನ ನರಹುಲಿ

ತುಮಕೂರಿನ ಒಂದು ಸಣ್ಣ ಕಂಪನಿಯಲ್ಲಿ ಇಂಜಿನಿಯರ್ ವಿಶಾಲಾಕ್ಷಿ ನರಹುಲಿ ಸುಡುವ ಲೇಸರ್ ಯಂತ್ರ ಮಾಡಿದಳು. ಪ್ರತಿ ಸಲ ತಿದ್ದಿದಾಗಲೂ ಮೊದಲು ಅದರ ಕಿರಣವನ್ನು ತನ್ನ ಕೈಮೇಲೇ ಬಿಟ್ಟುಕೊಂಡು ನೋಡುತ್ತಿದ್ದಳು. ಬಂದವರೆಲ್ಲ ಅವಳನ್ನು ಹೊಗಳಿದರೆ ಮಾಲೀಕ ಗುರುಪಾದಯ್ಯನವರ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ವರ್ಷಗಟ್ಟಲೆ ದುಡ್ಡು ಸುರಿದವನು ನಾನು, ಹೆಸರು ಮಾತ್ರ ಅವಳಿಗಾ?

ಡಾಕ್ಟರುಗಳು ಯಂತ್ರ ನೋಡಲು ಬರುವ ದಿನ ಗುರುಪಾದಯ್ಯ ಅಟೆಂಡರ್ ಬೋರಮ್ಮನನ್ನು ಕರೆದರು.

"ಯಾರು ಮಾಡಿದ್ದು ಅಂತ ಕೇಳಿದರೆ ನನ್ನ ಹೆಸರೇ ಹೇಳಬೇಕು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಗ್ಲಿ ಸಾರ್."

ಡಾಕ್ಟರುಗಳು ಬಂದರು, ಯಾರು ಮಾಡಿದ್ದು ಅಂತ ಕೇಳಿಯೇ ಕೇಳಿದರು.

"ನಮ್ಮ ಸಾಹೇಬ್ರೇ ಮಾಡಿದ್ದು!" ಎಂದಳು ಬೋರಮ್ಮ. ಗುರುಪಾದಯ್ಯ ಎದೆಯುಬ್ಬಿಸಿದರು. ಅಷ್ಟರಲ್ಲಿ ಅವಳು ಯಂತ್ರದ ಮುಂದೆ ಕುರ್ಚಿ ಎಳೆದಳು.

"ಕೂತ್ಕೊಳ್ಳಿ ಸಾರ್. ಮಾಡಿದವರು ಮೊದಲು ತಮ್ಮ ಮೈಮೇಲೇ ಬಿಟ್ಕೊಂಡು ತೋರಿಸೋದು ನಮ್ಮಲ್ಲಿ ಪದ್ಧತಿ. ಹೆಂಗೂ ನಿಮ್ಮ ಮೂಗಿನ ಮೇಲೆ ನರಹುಲಿ ಐತಲ್ಲ."

ಗುರುಪಾದಯ್ಯ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡು ಗೋಡೆಗೆ ಒರಗಿದರು. "ಅಯ್ಯಯ್ಯೋ, ಮಾಡಿದವಳು ವಿಶಾಲಾಕ್ಷಿ ಕಣಮ್ಮಾ! ನಾನು ಬರೀ ದುಡ್ಡು ಹಾಕಿದವನು!"

"ಹಂಗಾ ಸಾರ್?" ಬೋರಮ್ಮ ಸೆರಗಿನಿಂದ ಕುರ್ಚಿ ಒರೆಸಿದಳು. "ಹಂಗಾದ್ರೆ ಪರ್ಸು ತೆಗೆದು ಇಲ್ಲಿಡಿ. ಅದರ ಮೇಲೇ ಬಿಡಾಣ."